ಎಣ್ಣೆ ಕ್ಯಾನ್ ಹಿಡಿದ ಇಂಜಿನಿಯರ್: ಎಲೈಜಾ ಮೆಕಾಯ್

ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಸಿಕ್ಕಿದ ಕೆಲಸ ರೈಲು ಇಂಜಿನ್ನಿಗೆ ಕಲ್ಲಿದ್ದಲು ತುಂಬೋದು, ಎಣ್ಣೆ ಬಿಡೋದು. ಪ್ಲೇಸ್‌ಮೆಂಟ್ ಬಂತು ಅಂದ್ರೆ ತಲೆಬಿಸಿ ಮಾಡ್ಕೊಳ್ಳೋ ನಾವೆಲ್ಲ ಎಲೈಜಾ ಮೆಕಾಯ್ ಅವರ ಕಥೆಯನ್ನು ಒಮ್ಮೆ ಓದಲೇಬೇಕು.

ಮೆಕಾಯ್ ಹುಟ್ಟಿದ್ದು 1844ರ ಸುಮಾರಿಗೆ, ಕೆನಡಾದ ಕೋಲ್ಚೆಸ್ಟರ್‌ನಲ್ಲಿ. ತಂದೆ ತಾಯಿ ಅಮೆರಿಕದ ಕೆಂಟಕಿಯಲ್ಲಿ ಗುಲಾಮರಾಗಿದ್ದವರು, ತಪ್ಪಿಸಿಕೊಂಡು ಗಡಿ ದಾಟಿ ಬಂದಿದ್ದರು. ಮಗನಿಗೆ ಯಂತ್ರಗಳ ಹುಚ್ಚು. ಅದನ್ನು ಕಂಡು 15ನೇ ವಯಸ್ಸಿಗೇ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಕಲಿಯಲು ಕಳಿಸಿದರು. ಕಲಿತು ಅಮೆರಿಕದ ಮಿಷಿಗನ್‌ಗೆ ಬಂದರೆ, ಕಪ್ಪು ಜನಾಂಗದವರಿಗೆ ಇಂಜಿನಿಯರ್ ಹುದ್ದೆ ಕೊಡುವವರೇ ಇಲ್ಲ. ಕೊನೆಗೆ ಮಿಷಿಗನ್ ಸೆಂಟ್ರಲ್ ರೈಲ್ವೆಯಲ್ಲಿ ಫೈರ್‌ಮನ್ ಆಗಿ ಸೇರಿಕೊಂಡರು.

ಆಗಿನ ಹಬೆ ಇಂಜಿನ್ನುಗಳದ್ದು ಒಂದು ದೊಡ್ಡ ತಲೆನೋವಿತ್ತು. ಎಣ್ಣೆ ಆರಿದರೆ ಲೋಹಕ್ಕೆ ಲೋಹ ಉಜ್ಜಿ, ಬಿಸಿಯಾಗಿ, ಭಾಗಗಳು ಹಾಳಾಗುತ್ತಿದ್ದವು. ಅದಕ್ಕೇ ಗಾಡಿಯನ್ನು ಆಗಾಗ ನಿಲ್ಲಿಸಿ ಕೈಯಿಂದಲೇ ಎಣ್ಣೆ ಬಿಡಬೇಕಿತ್ತು. ಮೆಕಾಯ್ ಈ ಕೆಲಸವನ್ನು ಬೈಕೊಂಡು ಮಾಡಿ ಮುಗಿಸಬಹುದಿತ್ತು. ಅವರು ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡರು. ಗಾಡಿ ಓಡುತ್ತಿರುವಾಗಲೇ ಎಣ್ಣೆ ಯಾಕೆ ಇಳಿಯಬಾರದು ಅನ್ನೋದು ಅವರ ಪ್ರಶ್ನೆ.

1872ರ ಜುಲೈ 23ರಂದು ಅವರ ಲೂಬ್ರಿಕೇಟರ್‌ಗೆ ಪೇಟೆಂಟ್ ಸಿಕ್ಕಿತು. ಸಿಲಿಂಡರ್ ಮೇಲೆ ಒಂದು ಎಣ್ಣೆ ಬಟ್ಟಲು. ಇಂಜಿನ್ನಿನ ಹಬೆಯ ಒತ್ತಡವೇ ಅದರ ಕವಾಟವನ್ನು ತೆರೆದು ಎಣ್ಣೆಯನ್ನು ಒಳಗೆ ಬಿಡುತ್ತದೆ. ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್ 1860ರಲ್ಲೇ ಬೇರೊಂದು ಬಗೆಯ ಲೂಬ್ರಿಕೇಟರ್ ಮಾಡಿದ್ದರು. ಹಾಗಾಗಿ ಮೆಕಾಯ್ ಅವರೇ ಮೊದಲಿಗರು ಅನ್ನೋದು ಸರಿಯಲ್ಲ. ಆದರೆ ಅವರು ಒಂದು ಪೇಟೆಂಟಿಗೆ ನಿಲ್ಲಲಿಲ್ಲ, ಜೀವಮಾನವಿಡೀ ಅದನ್ನೇ ತಿದ್ದುತ್ತಾ ಹೋದರು. ಇಂಜಿನ್ನುಗಳು ಇನ್ನೂ ಬಿಸಿಯಾದ ಹಬೆಯಲ್ಲಿ ಓಡತೊಡಗಿದಾಗ ಬರೀ ಎಣ್ಣೆ ಸಾಲದಾಯ್ತು. ಆಗ ಎಣ್ಣೆಗೆ ಗ್ರಾಫೈಟ್ ಬೆರೆಸಿ ಕಳಿಸುವ ಲೂಬ್ರಿಕೇಟರ್ ಮಾಡಿದರು. ಅದಕ್ಕೆ 1915ರಲ್ಲಿ ಪೇಟೆಂಟ್ ಬಂದಾಗ ಅವರಿಗೆ 70 ದಾಟಿತ್ತು.

ಒಟ್ಟು 50ಕ್ಕೂ ಹೆಚ್ಚು ಪೇಟೆಂಟ್. ದುಡ್ಡು ಮಾತ್ರ ಹೆಚ್ಚಾಗಿ ಬೇರೆಯವರ ಪಾಲಾಯ್ತು. ಬಂಡವಾಳ ಇಲ್ಲದೆ ಹಕ್ಕುಗಳನ್ನು ಮಾರಬೇಕಾಯ್ತು. ಸ್ವಂತ ಹೆಸರಿನ ಕಂಪನಿ ಶುರುವಾಗಿದ್ದು 1920ರಲ್ಲಿ, ಡೆಟ್ರಾಯ್ಟ್‌ನಲ್ಲಿ. ಎರಡೇ ವರ್ಷಕ್ಕೆ ಕಾರು ಅಪಘಾತ. ಪತ್ನಿ ಮೇರಿ ಮುಂದೆ ಅದೇ ಪೆಟ್ಟಿನಿಂದ ತೀರಿಕೊಂಡರು. ಮೆಕಾಯ್ ಕೂಡ ಪೂರ್ತಿ ಚೇತರಿಸಿಕೊಳ್ಳದೆ 1929ರಲ್ಲಿ ಕೊನೆಯುಸಿರೆಳೆದರು. ಅಸಲಿ ಮಾಲಿಗೆ ದಿ ರಿಯಲ್ ಮೆಕಾಯ್ ಅನ್ನೋ ಮಾತು ಅವರಿಂದಲೇ ಬಂತು ಅಂತಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಇರೋ ಪುರಾವೆ ಬೇರೆ: 2012ರಲ್ಲಿ ಡೆಟ್ರಾಯ್ಟ್‌ನಲ್ಲಿ ತೆರೆದ ಅಮೆರಿಕದ ಪೇಟೆಂಟ್ ಕಚೇರಿಯ ಶಾಖೆಗೆ ಅವರದೇ ಹೆಸರಿಟ್ಟಿದ್ದಾರೆ.

ಇಂದಿನ ಕಾರಿನಲ್ಲಿ ಎಣ್ಣೆ ಹರಿಸುವ ಕೆಲಸ ಪಂಪ್ ನೋಡಿಕೊಳ್ಳುತ್ತದೆ. ಆದರೆ ಸಂಪ್‌ನಲ್ಲಿ ಎಣ್ಣೆಯೇ ಇಲ್ಲದಿದ್ದರೆ ಪಂಪ್ ಏನು ಮಾಡೀತು? ಹಳೇ ಕಾರಿನಲ್ಲಿ ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಸವೆದು ಎಣ್ಣೆ ಉರಿದುಹೋಗುತ್ತದೆ, ಇಲ್ಲವೇ ಗ್ಯಾಸ್ಕೆಟ್‌ನಿಂದ ಸೋರುತ್ತದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಹನಿ ಇದರ ಗುರುತು. ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆ ದೀಪ ಹೆಚ್ಚಿನ ಹಳೇ ಕಾರುಗಳಲ್ಲಿ ತೋರಿಸೋದು ಒತ್ತಡವನ್ನು, ಮಟ್ಟವನ್ನಲ್ಲ. ಅದು ಹತ್ತುವಷ್ಟರಲ್ಲಿ ಬೇರಿಂಗ್ ಆಗಲೇ ಒಣಗುತ್ತಿರಬಹುದು. ಓಡಿಸುವಾಗ ಹತ್ತಿದರೆ ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಬೇಕು, ಮುಂದಿನ ಬಂಕ್‌ವರೆಗೂ ಎಳೆಯಬಾರದು.

ದೀಪ ಹತ್ತೋ ಮುಂಚೆ ನೋಡಬೇಕಾದದ್ದು ಡಿಪ್‌ಸ್ಟಿಕ್. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಪೂರ್ತಿ ಹಾಕಿ ತೆಗೆದು ನೋಡಿ. ಎರಡು ಗುರುತುಗಳ ನಡುವೆ ಎಣ್ಣೆ ಇರಬೇಕು. ಕಡಿಮೆ ಇದ್ದರೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್‌ನ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ ನೋಡುತ್ತಾ ಹೋಗಬೇಕು. ಮೇಲಿನ ಗುರುತು ದಾಟಿದರೆ ಅದೂ ಕೇಡೇ.

ಎಣ್ಣೆ ಬಿಡೋದು ಸಣ್ಣ ಕೆಲಸ ಅಂತ ಮೆಕಾಯ್ ಅವರ ಕಾಲದಲ್ಲೂ ಅಂದುಕೊಂಡಿದ್ದರು. ಇಂಜಿನಿಯರಿಂಗ್ ಕಲಿತವರೊಬ್ಬರು ಆ ಸಣ್ಣ ಕೆಲಸವನ್ನು ಕಣ್ಣಿಟ್ಟು ನೋಡಿದ್ದಕ್ಕೆ ರೈಲು ನಿಲ್ಲದೆ ಓಡಿತು. ಮನೆಯ ಹಳೇ ಕಾರಿನ ಬಾನೆಟ್ ಎತ್ತಿ ಕಡ್ಡಿ ಒರೆಸೋಕೆ ನಮಗ್ಯಾಕೆ ನಾಚಿಕೆ?