ಹಲವು ಕೈ ಎಳೆದ ತೇರು

ಕರ್ನಾಟಕದ ಕುಲಪುರೋಹಿತರೆಂದು ನಾಡು ನೆನೆಯುವ ಶ್ರೀ ಆಲೂರು ವೆಂಕಟರಾಯರು 1880ರಲ್ಲಿ ವಿಜಾಪುರದಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾಯಿದೆ ಕಲಿತು, ಧಾರವಾಡದಲ್ಲಿ ನೆಲೆಸಿದರು. ಆಗ ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳಲ್ಲಿ ಹರಿದು ಹಂಚಿಹೋಗಿತ್ತು. 1917ರಲ್ಲಿ ಅವರು ಪ್ರಕಟಿಸಿದ ‘ಕರ್ನಾಟಕ ಗತವೈಭವ’ವು ಜನರನ್ನು ಎಚ್ಚರಿಸಿತು.

ಆದರೆ ಏಕೀಕರಣದ ತೇರು ಒಬ್ಬರ ಕೈಯಲ್ಲಿ ಉಳಿಯಲಿಲ್ಲ. 1924ರಲ್ಲಿ ಬೆಳಗಾವಿಯಲ್ಲಿ ಸೇರಿದ ಮೊದಲ ಏಕೀಕರಣ ಪರಿಷತ್ತಿನ ಅಧ್ಯಕ್ಷ ಪೀಠದಲ್ಲಿ ಕುಳಿತವರು ಸಿದ್ದಪ್ಪ ಕಂಬಳಿಯವರು. ಮುಂದೆ ರಾಯರು ರಾಜಕೀಯದಿಂದ ಸರಿದು ತತ್ತ್ವಚಿಂತನೆಯತ್ತ ಹೊರಳಿದರು. ತೇರು ಮಾತ್ರ ನಿಲ್ಲಲಿಲ್ಲ. ಗುದ್ಲೆಪ್ಪ ಹಳ್ಳಿಕೇರಿಯವರು, ನಿಜಲಿಂಗಪ್ಪನವರು ಹಗ್ಗ ಹಿಡಿದರು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಕುಳಿತರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಅದನ್ನು ಕಣ್ಣಾರೆ ಕಂಡು ರಾಯರು 1964ರಲ್ಲಿ ತೀರಿಕೊಂಡರು. ‘ಕರ್ನಾಟಕ’ವೆಂಬ ಹೆಸರು ಬಂದುದು 1973ರಲ್ಲಿ.

ಕನ್ನಡ ಬಂಧುಗಳೇ, ಪರಊರಿನ ಸಂಘಗಳಲ್ಲಿ ಒಬ್ಬರೇ ಎಲ್ಲ ಹೊರುವುದುಂಟು. ಅವರಿಗೆ ವರ್ಗವಾದರೆ ಸಂಘದ ಬಾಗಿಲಿಗೆ ಬೀಗ. ಮೊದಲು ಕರೆದವರಿಗೆ ಗೌರವ ಸಲ್ಲಲಿ. ಹಗ್ಗಕ್ಕೆ ಮಾತ್ರ ಹತ್ತು ಕೈ ಇರಲಿ. ರಾಯರ ಬಾಳಿನಿಂದ ನಾವು ಕಲಿಯಬೇಕಾದುದು ಇದನ್ನೇ.