ಹಗ್ಗ ಬಿಗಿದು ಬೆಟ್ಟ ಹತ್ತಿದ ಜಗದ್ಗುರು



ಪರೀಕ್ಷೆ ಮುಗಿದು ಕಾಲೇಜಿಗೆ ರಜೆ ಬಂತೆಂದರೆ ಈಗಿನ ಮಕ್ಕಳ ಬಾಯಲ್ಲಿ ಒಂದೇ ಮಾತು: ಚಾರಣ. ಕುಮಾರ ಪರ್ವತ, ತಡಿಯಂಡಮೋಳ್, ಮುಳ್ಳಯ್ಯನಗಿರಿ ಎಂದು ಹೆಸರುಗಳನ್ನು ಪಟಪಟನೆ ಹೇಳುತ್ತಾರೆ. ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಮನೆಯಲ್ಲಿ ಕುಳಿತ ತಾಯಿಗೆ ಮಾತ್ರ ಮಗನ ಫೋನು ಬರುವ ತನಕ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಕಳುಹಿಸುವುದೇ, ಬೇಡವೇ? ದೇವರು ಕೊಟ್ಟ ಜೀವವನ್ನು ಹೀಗೆ ಅಪಾಯಕ್ಕೆ ಒಡ್ಡುವುದು ಸರಿಯೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬ ಮಹನೀಯರ ಬಾಳನ್ನು ನೋಡೋಣ ಬನ್ನಿ. ಹನ್ನೊಂದನೆಯ ಪಿಯುಸ್ ಎಂಬ ಹೆಸರಿನಲ್ಲಿ ಲೋಕ ಅವರನ್ನು ಬಲ್ಲದು. ಸಂತ ಪೇತ್ರರ ಪೀಠವನ್ನು ಏರುವ ಎಷ್ಟೋ ವರ್ಷ ಮೊದಲೇ ಅವರು ಯೂರೋಪಿನ ಅತಿ ಕಠಿಣ ಶಿಖರಗಳನ್ನು ಏರಿ ಬಂದಿದ್ದರು.

ಅವರ ಮನೆಯ ಹೆಸರು ಅಕೀಲೆ ರಾತ್ತಿ. ಇಟಲಿಯ ಮಿಲಾನ್ ನಗರದ ಹತ್ತಿರದ ದೇಸಿಯೊ ಎಂಬ ಊರಿನಲ್ಲಿ 1857ರ ಮೇ 31ರಂದು ಹುಟ್ಟಿದರು. ತಂದೆ ಫ್ರಾಂಚೆಸ್ಕೊ ಅವರು ರೇಷ್ಮೆ ಕಾರ್ಖಾನೆಯೊಂದರ ಮೇಲ್ವಿಚಾರಕರು. ರೇಷ್ಮೆಯ ಸೀಮೆಯವರಾದ ನಮಗೆ ಅಂಥ ಮನೆಯ ಶಿಸ್ತು, ಬೆಳಗಿನಿಂದ ಸಂಜೆಯ ತನಕದ ದುಡಿಮೆ ಎಂಥದೆಂದು ಹೇಳಬೇಕಾಗಿಲ್ಲ. ತಾಯಿ ತೆರೇಸಾ. ಚಿಕ್ಕಂದಿನಲ್ಲಿ ರಜೆ ಬಂದಾಗ ಅಕೀಲೆ ಹೋಗುತ್ತಿದ್ದುದು ಆಸ್ಸೊ ಎಂಬ ಊರಿಗೆ. ಅಲ್ಲಿ ಅವರ ತಂದೆಯ ಕಡೆಯ ಸಂಬಂಧಿ ದಮಿಯಾನೊ ಸ್ವಾಮಿಯವರು ಧರ್ಮಕೇಂದ್ರದ ಗುರುಗಳಾಗಿದ್ದರು. ಆಸ್ಸೊ ಇರುವುದು ಕೋಮೊ ಸರೋವರದ ಎರಡು ಕವಲುಗಳ ನಡುವಿನ ಗುಡ್ಡಸೀಮೆಯಲ್ಲಿ. ಪೂರ್ವದ ಕವಲನ್ನು ದಾಟಿದರೆ ಆಚೆ ದಡದಲ್ಲಿ ಎದ್ದು ನಿಂತಿರುವುದೇ ಗ್ರಿನ್ಯಾ ಬೆಟ್ಟಗಳು.

ಗ್ರಿನ್ಯಾ ಬೆಟ್ಟಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಬೆಟ್ಟದಪುರದ ಬೆಟ್ಟವನ್ನು ನೀವು ನೋಡಿದ್ದೀರಿ. ನಮ್ಮ ಕಡೆಯ ಬೆಟ್ಟ ಎಂದರೆ ಗಟ್ಟಿ ಕಲ್ಲು. ಮಳೆ ಬಿದ್ದರೆ ನೀರು ಮೈಮೇಲೆ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಗ್ರಿನ್ಯಾ ಹಾಗಲ್ಲ. ಅದು ಸುಣ್ಣದ ಕಲ್ಲಿನ ಬೆಟ್ಟ. ನಾವು ಗೋಡೆಗೆ ಬಳಿಯುವ, ವೀಳ್ಯದೆಲೆಗೆ ಸವರುವ ಸುಣ್ಣಕ್ಕೂ ಅದಕ್ಕೂ ಮೂಲ ಒಂದೇ. ಸುಮಾರು 24 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಸಮುದ್ರದ ತಳದಲ್ಲಿ ಜಲಚರಗಳ ಚಿಪ್ಪು ಮತ್ತು ಸುಣ್ಣದ ಕೆಸರು ಪದರ ಪದರವಾಗಿ ಕೂಡಿ ಕಲ್ಲಾಗಿ, ಆಮೇಲೆ ಭೂಮಿಯ ಒತ್ತಡಕ್ಕೆ ಮೇಲೆದ್ದು ಬೆಟ್ಟವಾದದ್ದು. ಮಳೆನೀರಿನಲ್ಲಿರುವ ಅಲ್ಪಸ್ವಲ್ಪ ಹುಳಿ ಈ ಕಲ್ಲನ್ನು ಮೆಲ್ಲಗೆ ಕರಗಿಸುತ್ತದೆ. ಹೀಗಾಗಿ ಬೆಟ್ಟದ ಮೇಲೆ ಸೂಜಿಯಂಥ ಕೋಡುಗಲ್ಲುಗಳು, ಒಳಗೆ ಸಾವಿರ ಮೀಟರಿಗೂ ಆಳದ ಗವಿಗಳು. ಬಿದ್ದ ನೀರೆಲ್ಲ ಬಿರುಕುಗಳಲ್ಲಿ ಇಳಿದು ಮಾಯವಾಗುವುದರಿಂದ ಮೇಲೆ ಹತ್ತುವವನಿಗೆ ಒಂದು ಬೊಗಸೆ ನೀರೂ ಸುಲಭವಾಗಿ ಸಿಗದು. ಅದೇ ನೀರು ಕೆಳಗೆ ಸರೋವರದ ದಡದಲ್ಲಿ ಬೆಳ್ಳಗೆ ನೊರೆಯುಕ್ಕಿಸುತ್ತಾ ಹೊರಬರುತ್ತದೆ. ಹಾಲಿನ ಹೊಳೆ ಎಂದೇ ಅದರ ಹೆಸರು. ಉದ್ದ ಸುಮಾರು 250 ಮೀಟರು ಮಾತ್ರ. ವಸಂತದಲ್ಲಿ ಹುಟ್ಟಿ ಶರತ್ಕಾಲದಲ್ಲಿ ಬತ್ತುವ ಈ ಹೊಳೆ ಮಾರ್ಚ್ 25ರ ಮಂಗಳವಾರ್ತೆಯ ಹಬ್ಬಕ್ಕೆ ಬಂದು ಅಕ್ಟೋಬರ್ 7ರ ಜಪಮಾಲೆ ಮಾತೆಯ ಹಬ್ಬಕ್ಕೆ ಹೋಗುತ್ತದೆ ಎಂದು ಅಲ್ಲಿನ ಜನ ಹೇಳುತ್ತಾರೆ. ಇಬ್ಬರು ಮಾತೆಯರ ಹೊಳೆ ಎಂದೂ ಕರೆಯುತ್ತಾರೆ. ಇಂಥ ಹೆಸರಿಡುವ ಜನ ನಮ್ಮವರೇ ಅನಿಸುವುದಿಲ್ಲವೇ?

ಅಕೀಲೆ 1879ರ ಡಿಸೆಂಬರ್ 20ರಂದು ರೋಮಿನ ಲಾತೆರಾನ್ ಮಹಾದೇವಾಲಯದಲ್ಲಿ ಗುರುದೀಕ್ಷೆ ಪಡೆದರು. ಮಿಲಾನಿನ ಗುರುಮಠದಲ್ಲಿ ಕೆಲವು ವರ್ಷ ಪಾಠ ಹೇಳಿದರು. 1888ರಲ್ಲಿ ಅಲ್ಲಿನ ಪ್ರಸಿದ್ಧ ಅಂಬ್ರೋಸಿಯನ್ ಗ್ರಂಥಾಲಯಕ್ಕೆ ಪಂಡಿತರಾಗಿ ಸೇರಿದರು. ದಿನವಿಡೀ ಹಳೆಯ ಹಸ್ತಪ್ರತಿಗಳ ನಡುವೆ ಕೆಲಸ. ಬಿಡುವಿನಲ್ಲಿ ಕನ್ಯಾಸ್ತ್ರೀಯರ ಮಠವೊಂದರಲ್ಲಿ ಧರ್ಮೋಪದೇಶ. ಅಲ್ಲಿ ಅವರ ಕೈಕೆಳಗೆ ಪ್ರಥಮ ಪರಮಪ್ರಸಾದಕ್ಕೆ ತಯಾರಾದವರಲ್ಲಿ ಹೊಗೆಗೂಡು ಗುಡಿಸುವ ಹುಡುಗರೂ ಇದ್ದರು. ಹೊಟ್ಟೆಪಾಡಿಗಾಗಿ ಆಲ್ಪ್ಸ್ ಪರ್ವತದ ಕಣಿವೆಗಳಿಂದ ಇಳಿದು ಬಂದು, ಮಸಿ ಮೆತ್ತಿಕೊಂಡು ದುಡಿಯುತ್ತಿದ್ದ ಬಡ ಮಕ್ಕಳು ಅವರು. ಬೆಟ್ಟದ ಊರಿನ ಬಡತನ ಎಂಥದೆಂದು ಈ ಪಂಡಿತ ಗುರುಗಳಿಗೆ ಅವರಿಂದಲೇ ತಿಳಿದಿರಬೇಕು.

ಮಿಲಾನಿನಿಂದ ಗ್ರಿನ್ಯಾದ ತಪ್ಪಲಿನ ಲೆಕ್ಕೊ ಪಟ್ಟಣಕ್ಕೆ ದೂರ ಸುಮಾರು 50 ಕಿಲೋಮೀಟರು, ಹೆಚ್ಚುಕಡಿಮೆ ಮೈಸೂರಿನಿಂದ ಹುಣಸೂರಿಗೆ ಇರುವಷ್ಟು. ರೈಲು ಆಗಲೇ ಇತ್ತು. ಬಿಡುವು ಸಿಕ್ಕಾಗ ರಾತ್ತಿ ಸ್ವಾಮಿಯವರು ಆ ಕಡೆ ಹೊರಡುತ್ತಿದ್ದರು. ಗ್ರಿನ್ಯಾದ ಉತ್ತರದ ಶಿಖರ 2,410 ಮೀಟರು, ದಕ್ಷಿಣದ್ದು ಅದಕ್ಕಿಂತ ಇನ್ನೂರು ಮೀಟರಿನಷ್ಟು ಕಡಿಮೆ. ಎತ್ತರ ದೊಡ್ಡದಲ್ಲ, ಆದರೆ ಕಾಲಿಟ್ಟರೆ ಉದುರುವ ಕಲ್ಲು, ಇದ್ದಕ್ಕಿದ್ದಂತೆ ಮುಚ್ಚುವ ಮಂಜು, ನೀರಿಲ್ಲದ ದಾರಿ. ಮಿಲಾನಿನ ಚಾರಣಿಗರಿಗೆ ಅದೇ ಪಾಠಶಾಲೆ. ಒಬ್ಬ ಮನುಷ್ಯ ಒಂದೇ ದಿನದಲ್ಲಿ ದೊಡ್ಡ ಶಿಖರಕ್ಕೆ ಯೋಗ್ಯನಾಗುವುದಿಲ್ಲ ಎಂಬುದನ್ನು ನಮ್ಮ ಹುಡುಗರು ಇಲ್ಲಿ ಗಮನಿಸಬೇಕು. ಇಟಲಿಯ ಪರ್ವತಾರೋಹಣ ಸಂಘದ ಮಿಲಾನ್ ಶಾಖೆಯಲ್ಲಿ ಅವರು ಸದಸ್ಯರೂ ಆಗಿದ್ದರು.

ಇನ್ನು 1889ರ ಜುಲೈ ತಿಂಗಳಿಗೆ ಬರೋಣ. ಇಟಲಿ ಮತ್ತು ಸ್ವಿಟ್ಜರ್ಲೆಂಡಿನ ಗಡಿಯಲ್ಲಿ ಮೊಂತೆ ರೋಸಾ ಎಂಬ ಮಹಾಪರ್ವತವಿದೆ. ಇದು ಗ್ರಿನ್ಯಾದಂತೆ ಸುಣ್ಣಕಲ್ಲಿನ ಬೆಟ್ಟವಲ್ಲ. ಹಿಮ ಮತ್ತು ಗಟ್ಟಿ ಬಂಡೆಯ ಗೋಡೆ. ಇದರ ಅತ್ಯುನ್ನತ ತುದಿ 4,634 ಮೀಟರು. ಮಾಕುನ್ಯಾಗಾ ಎಂಬ ಹಳ್ಳಿಯ ಕಡೆಯಿಂದ ಕಾಣುವ ಪೂರ್ವದ ಮೈ ಇಡೀ ಆಲ್ಪ್ಸ್‌ನಲ್ಲೇ ಅತಿ ಎತ್ತರದ ಗೋಡೆ. ಎಂಟು ವರ್ಷ ಹಿಂದೆ, 1881ರಲ್ಲಿ, ದಮಿಯಾನೊ ಮರಿನೆಲ್ಲಿ ಎಂಬ ಆರೋಹಿ ತಮ್ಮ ಇಬ್ಬರು ಮಾರ್ಗದರ್ಶಕರೊಡನೆ ಇದೇ ಗೋಡೆಯಲ್ಲಿ ಹಿಮಕುಸಿತಕ್ಕೆ ಬಲಿಯಾಗಿದ್ದರು. ಅವರ ಹೆಸರಿನ ತಂಗುಮನೆಯೊಂದು ಬೆಟ್ಟದ ಅರ್ಧದಲ್ಲಿ ಕಟ್ಟಲ್ಪಟ್ಟಿತ್ತು. ಇಟಲಿಯ ಯಾವ ತಂಡವೂ ಈ ಕಡೆಯಿಂದ ತುದಿಯನ್ನು ಮುಟ್ಟಿರಲಿಲ್ಲ.

ಅಲ್ಲಿಗೆ ಹೊರಟವರು ನಾಲ್ವರು. ಮೂವತ್ತೆರಡು ವರ್ಷದ ರಾತ್ತಿ ಸ್ವಾಮಿಯವರು, ಅವರ ಸ್ನೇಹಿತರಾದ ಲುಯಿಜಿ ಗ್ರಾಸೆಲ್ಲಿ, ಕೂರ್ಮಾಯೂರ್ ಎಂಬ ಬೆಟ್ಟದ ಊರಿನ ಗಾದಿನ್ ಮತ್ತು ಪ್ರೋಮೆಂಟ್. ಕೊನೆಯ ಇಬ್ಬರು ದಾರಿ ತೋರುವವರು. ದೈವಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದ ಗುರುಗಳು ಹಗ್ಗದ ಒಂದು ತುದಿಯಲ್ಲಿ, ಹಳ್ಳಿಯ ಶ್ರಮಜೀವಿ ಇನ್ನೊಂದು ತುದಿಯಲ್ಲಿ. ಬೆಟ್ಟದ ಮೇಲೆ ಮುಂದಿನ ಹೆಜ್ಜೆ ಎಲ್ಲಿಗೆ ಎಂಬ ಮಾತು ಹಳ್ಳಿಯವನದೇ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಬದುಕುವ ನಿಮಗೆ ಇದನ್ನು ವಿವರಿಸಬೇಕಿಲ್ಲ. ಆನೆಯ ದಾರಿ ಯಾವುದೆಂದು ಜೇನುಕುರುಬರ ಹಿರಿಯರೊಬ್ಬರು ಹೇಳಿದರೆ ಎಷ್ಟು ಓದಿದವರಾದರೂ ನಿಂತು ಕೇಳಬೇಕು ತಾನೇ?

ಜುಲೈ 29ರಂದು ಹಳ್ಳಿ ಬಿಟ್ಟು ತಂಗುಮನೆ ಸೇರಿದರು. ಮಾರನೆಯ ದಿನ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೇ ಹೊರಟರು. ಅಷ್ಟು ಬೇಗ ಏಕೆ? ಪೂರ್ವದ ಗೋಡೆಯ ಮೇಲೆ ಸೂರ್ಯನ ಬಿಸಿಲು ಬಿದ್ದರೆ ರಾತ್ರಿ ಹೆಪ್ಪುಗಟ್ಟಿದ್ದ ಹಿಮ ಸಡಿಲವಾಗಿ ಜಾರತೊಡಗುತ್ತದೆ. ಮರಿನೆಲ್ಲಿಯವರನ್ನು ನುಂಗಿದ ಕಂದಕವನ್ನು ಕತ್ತಲಲ್ಲೇ ದಾಟಬೇಕು. ದಾಟಿದರು. ಆಮೇಲೆ ದಿನವಿಡೀ ಹಿಮಗಡ್ಡೆಯಲ್ಲಿ ಒಂದೊಂದೇ ಮೆಟ್ಟಿಲು ಕಡಿಯುತ್ತಾ ಏರಿಕೆ. ಕತ್ತಲು ಕವಿಯುವ ಹೊತ್ತಿಗೆ ಪೂರ್ವದ ತುದಿಯನ್ನು ಮುಟ್ಟಿದರು. ಅತ್ಯುನ್ನತ ತುದಿ ಅಲ್ಲಿಂದ ಕಲ್ಲೆಸೆತದಷ್ಟು ಹತ್ತಿರ.

ನಮ್ಮಲ್ಲಿ ಅನೇಕರು ಆಗ ಏನು ಮಾಡುತ್ತಿದ್ದೆವು? ಇಷ್ಟು ದೂರ ಬಂದಾಯಿತು, ಇನ್ನೊಂದು ಹತ್ತು ಹೆಜ್ಜೆ ತಾನೇ ಎಂದು ಮುನ್ನುಗ್ಗುತ್ತಿದ್ದೆವು. ಅವರು ನಿಂತರು. ಗಾಳಿ ತಪ್ಪಿಸಲು ಸ್ವಲ್ಪ ಕೆಳಗಿಳಿದು ಬಂಡೆಯ ಒಂದು ಇಕ್ಕಟ್ಟಾದ ಅಂಚನ್ನು ಹುಡುಕಿಕೊಂಡರು. 4,600 ಮೀಟರ್ ಎತ್ತರ, ಕಾಲೂರಲು ಮಾತ್ರ ಜಾಗ, ಕೆಳಗೆ ಪಾತಾಳ. ಮೈ ಕೊರೆಯುವ ಚಳಿಯಲ್ಲಿ ನಿದ್ದೆ ಹತ್ತಿದರೆ ಏಳುವುದೇ ಇಲ್ಲ. ಆದ್ದರಿಂದ ಕಾಲು ಬಡಿಯುತ್ತಾ, ಒಬ್ಬರನ್ನೊಬ್ಬರು ಎಚ್ಚರಿಸುತ್ತಾ ರಾತ್ರಿ ಕಳೆದರು. ಕೆಳಗಿನ ಕತ್ತಲಲ್ಲಿ ಹಿಮದ ರಾಶಿ ಗುಡುಗಿನಂತೆ ಕುಸಿಯುವುದು ಕೇಳಿಸಿತು. ತಲೆಯ ಮೇಲೆ ಶುಭ್ರವಾದ ಆಕಾಶ, ನಕ್ಷತ್ರಗಳು. ಆ ರಾತ್ರಿಯಲ್ಲಿ ಸೃಷ್ಟಿಕರ್ತನ ಸನ್ನಿಧಿ ತಮಗೆ ಅನುಭವವಾದದ್ದನ್ನು ಅವರು ಮುಂದೆ ಬರೆದಿಟ್ಟರು. ಅವರ ತಾಯಿ ತೆರೇಸಾ ಅವರು ಆಗ ಬದುಕಿದ್ದರು. ಮಗ ಎಲ್ಲಿ ನಿಂತಿದ್ದಾನೆಂದು ಆ ತಾಯಿಗೆ ತಿಳಿದಿದ್ದರೆ ಏನಾಗುತ್ತಿತ್ತೋ!

ಬೆಳಗಾಯಿತು. 31ರಂದು ಅತ್ಯುನ್ನತ ತುದಿಯ ಮೇಲೆ ನಿಂತರು. ಬಂದ ದಾರಿಯಲ್ಲಿ ಹಿಂದಿರುಗದೆ ಅಲ್ಲಿಯ ತನಕ ಯಾರೂ ದಾಟದಿದ್ದ ಝುಮ್‌ಸ್ಟೈನ್ ಕಣಿವೆದಾರಿಯನ್ನು ದಾಟಿ ಸ್ವಿಟ್ಜರ್ಲೆಂಡಿನ ಕಡೆ ಇಳಿದರು. ಕೆಲವೇ ದಿನಗಳಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನೂ ಏರಿದರು. ಮರುವರ್ಷ, 1890ರಲ್ಲಿ, 4,800 ಮೀಟರಿಗೂ ಎತ್ತರದ ಮೊಂ ಬ್ಲಾಂ ಶಿಖರ.

ಈ ಸಾಹಸವನ್ನು ಹುಚ್ಚಾಟ ಎನ್ನುವವರು ಇದ್ದೇ ಇರುತ್ತಾರೆಂದು ರಾತ್ತಿ ಸ್ವಾಮಿಯವರಿಗೆ ಗೊತ್ತಿತ್ತು. ಪರ್ವತಾರೋಹಣ ಸಂಘದ ಪತ್ರಿಕೆಗೆ ಬರೆದ ವರದಿಯಲ್ಲೇ ಅದಕ್ಕೆ ಉತ್ತರ ಕೊಟ್ಟರು. ನಿಜವಾದ ಪರ್ವತಾರೋಹಣವೆಂದರೆ ಕತ್ತು ಮುರಿದುಕೊಳ್ಳುವ ಆಟವಲ್ಲ, ಅದು ಮುಖ್ಯವಾಗಿ ವಿವೇಕದ ಕೆಲಸ. ಸ್ವಲ್ಪ ಧೈರ್ಯ, ಪ್ರಕೃತಿಯ ಮೇಲಿನ ಪ್ರೀತಿ ಅದಕ್ಕೆ ಬೇಕು ಎಂಬುದು ಅವರ ಅಭಿಪ್ರಾಯದ ಸಾರ. ನನಗೆ ಈ ಉತ್ತರಕ್ಕಿಂತಲೂ ಆ ಸಂಜೆ ಅವರು ನಿಂತದ್ದೇ ದೊಡ್ಡದಾಗಿ ಕಾಣುತ್ತದೆ. ಈಗ ಮಕ್ಕಳು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳದೆ, ದಾರಿ ಬಲ್ಲವರಿಲ್ಲದೆ, ಬಂಡೆಯ ಅಂಚಿನಲ್ಲಿ ಫೋಟೊ ತೆಗೆಯಲು ಹೋಗಿ ಜೀವ ಕಳೆದುಕೊಂಡ ಸುದ್ದಿ ಓದುವಾಗ ಆ ನಾಲ್ವರು ನೆನಪಾಗುತ್ತಾರೆ. ಇತ್ತ ಮಗುವನ್ನು ಹೊಸಿಲು ದಾಟಲು ಬಿಡದ ತಂದೆತಾಯಂದಿರೂ ನಮ್ಮಲ್ಲಿದ್ದಾರೆ. ಕೆ.ಆರ್. ನಗರದ ಆಚೆ ಡೋರ್ನಹಳ್ಳಿಗೆ ಸಂತ ಅಂತೋಣಿಯವರ ಹಬ್ಬಕ್ಕೆ ನಡೆದು ಹೋಗುವ ನಮ್ಮ ಜನರಿಗೆ ಕಾಲ ಬಲದ ಸಂತೋಷ ಗೊತ್ತಿಲ್ಲದ್ದೇನಲ್ಲ. ಆ ಸಂತೋಷವನ್ನು ಮಕ್ಕಳಿಗೆ ಏಕೆ ತಪ್ಪಿಸಬೇಕು?

ಆಮೇಲಿನ ಕಥೆ ನಿಮಗೆ ಸ್ವಲ್ಪಮಟ್ಟಿಗೆ ತಿಳಿದದ್ದೇ. 1914ರಲ್ಲಿ ವ್ಯಾಟಿಕನ್ ಗ್ರಂಥಾಲಯದ ಮುಖ್ಯಸ್ಥರಾದರು. 1918ರಲ್ಲಿ ಜಗದ್ಗುರುಗಳ ಪ್ರತಿನಿಧಿಯಾಗಿ ಪೋಲೆಂಡಿಗೆ ಹೋದರು. 1920ರ ಆಗಸ್ಟಿನಲ್ಲಿ ರಷ್ಯಾದ ಕೆಂಪುಸೇನೆ ವಾರ್ಸಾ ನಗರದ ಬಾಗಿಲಿಗೆ ಬಂದಾಗ ವಿದೇಶಿ ರಾಯಭಾರಿಗಳಲ್ಲಿ ಹೆಚ್ಚಿನವರು ಊರು ಬಿಟ್ಟರು, ರಾತ್ತಿಯವರು ಬಿಡಲಿಲ್ಲ. 1921ರಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷರೂ ಕಾರ್ಡಿನಲರೂ ಆದರು, 1922ರ ಫೆಬ್ರವರಿ 6ರಂದು ಜಗದ್ಗುರುಗಳಾಗಿ ಆಯ್ಕೆಯಾದರು.

ಆ ದಿನದಿಂದ ಪರ್ವತಗಳ ಮನುಷ್ಯನಿಗೆ ಉಳಿದದ್ದು ವ್ಯಾಟಿಕನ್ನಿನ ಗೋಡೆಗಳೊಳಗಿನ ತೋಟ. 1870ರಲ್ಲಿ ಇಟಲಿಯ ಸರ್ಕಾರ ರೋಮನ್ನು ವಶಪಡಿಸಿಕೊಂಡ ಮೇಲೆ ಜಗದ್ಗುರುಗಳು ಯಾರೂ ಹೊರಗೆ ಕಾಲಿಟ್ಟಿರಲಿಲ್ಲ. ಇವರೂ ಏಳು ವರ್ಷ ಹಾಗೆಯೇ ಇದ್ದು, 1929ರ ಫೆಬ್ರವರಿ 11ರ ಲಾತೆರಾನ್ ಒಪ್ಪಂದದಿಂದ ಆ ಗಂಟನ್ನು ಬಿಡಿಸಿದರು. ಒಳಗಿದ್ದುಕೊಂಡೇ ದೂರ ನೋಡಿದರು. 1923ರಲ್ಲಿ ತೂತುಕುಡಿಗೆ, 1928ರಲ್ಲಿ ನಮ್ಮ ಮಂಗಳೂರಿಗೆ ಭಾರತೀಯರನ್ನೇ ಧರ್ಮಾಧ್ಯಕ್ಷರನ್ನಾಗಿ ನೇಮಿಸಿದವರು ಇವರು. 1937ರಲ್ಲಿ ಹಿಟ್ಲರನ ಆಡಳಿತವನ್ನು ಖಂಡಿಸಿ ಜರ್ಮನ್ ಭಾಷೆಯಲ್ಲೇ ವಿಶ್ವಪತ್ರ ಬರೆದರು. ಅದನ್ನು ಗುಟ್ಟಾಗಿ ಒಳಗೆ ಸಾಗಿಸಿ, ಮುದ್ರಿಸಿ, ಗರಿಗಳ ಭಾನುವಾರ ಜರ್ಮನಿಯ ದೇವಾಲಯಗಳಲ್ಲಿ ಓದಲಾಯಿತು.

ಬೆಟ್ಟಗಳನ್ನು ಅವರು ಮರೆಯಲಿಲ್ಲ. ಹಳೆಯ ಆರೋಹಣದ ಬರಹಗಳು 1923ರಲ್ಲಿ ಪುಸ್ತಕವಾಗಿ ಬಂದವು. ಅದೇ ವರ್ಷ ಆಗಸ್ಟ್ 20ರಂದು, ಆಲ್ಪ್ಸ್‌ನ ಕಣಿವೆದಾರಿಯಲ್ಲಿ ಪ್ರಯಾಣಿಕರಿಗಾಗಿ ತಂಗುಮನೆ ಕಟ್ಟಿಸಿದ ಮೆಂತೋನಿನ ಸಂತ ಬೆರ್ನಾರ್ಡರನ್ನು ಬೆಟ್ಟದ ನಿವಾಸಿಗಳಿಗೂ ಚಾರಣಿಗರಿಗೂ ಪಾಲಕ ಸಂತರೆಂದು ಘೋಷಿಸಿದರು. 1929ರ ಡಿಸೆಂಬರ್ 20ರಂದು, ಗುರುದೀಕ್ಷೆಗೆ 50 ವರ್ಷ ತುಂಬಿದ ದಿನ, ವ್ಯಾಟಿಕನ್ನಿನಿಂದ ಹೊರಟು ದೀಕ್ಷೆ ಪಡೆದ ಅದೇ ಲಾತೆರಾನ್ ಮಹಾದೇವಾಲಯಕ್ಕೆ ಹೋಗಿ ಬಂದರು. 1939ರ ಫೆಬ್ರವರಿ 10ರಂದು, 81ನೆಯ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರೆಹೋದರು. 1890ರಲ್ಲಿ ಮೊಂ ಬ್ಲಾಂ ಶಿಖರದಿಂದ ಇಳಿಯುವಾಗ ಅವರೂ ಅವರ ಮಾರ್ಗದರ್ಶಕರೂ ಹುಡುಕಿಕೊಂಡ ಹಿಮನದಿಯ ದಾರಿಯೇ ಈಗ ಇಟಲಿಯ ಕಡೆಯಿಂದ ಹತ್ತುವವರ ವಾಡಿಕೆಯ ದಾರಿ. ಜನ ಅದನ್ನು ಪೋಪ್ ದಾರಿ ಎನ್ನುತ್ತಾರೆ.