ಪಾಪವನ್ನು ಅರಿತ ಪಂಡಿತರು: ಸಂತ ಅಗಸ್ಟೀನರ ಜೀವನ ಚರಿತ್ರೆ

ಸಂತರೆಂದರೆ ಹುಟ್ಟಿನಿಂದಲೇ ಪುಣ್ಯವಂತರು ಅಂತ ನಮ್ಮಲ್ಲಿ ಅನೇಕರ ಎಣಿಕೆ. ಸಂತ ಅಗಸ್ಟೀನರ ವಿಷಯದಲ್ಲಿ ಈ ಎಣಿಕೆ ಪೂರ್ತಿ ತಪ್ಪು. ಇವರು ಹರೆಯದಲ್ಲಿ ಪವಿತ್ರ ಗ್ರಂಥವನ್ನು ಕೈಗೆತ್ತಿಕೊಂಡು, ಇದೇನು ಇಷ್ಟು ಸಾದಾ ಬರಹ ಎಂದು ಮೂಗು ಮುರಿದು ಪಕ್ಕಕ್ಕಿಟ್ಟವರು. ಅದೇ ಗ್ರಂಥದ ಹಾಳೆಗಳನ್ನು 75ನೇ ವಯಸ್ಸಿನಲ್ಲಿ ಮರಣದ ಹಾಸಿಗೆಯ ಎದುರಿನ ಗೋಡೆಗೆ ಹಾಕಿಸಿಕೊಂಡು ಓದಿದವರೂ ಇವರೇ.

ಅಗಸ್ಟೀನರು ಹುಟ್ಟಿದ್ದು ಕ್ರಿ.ಶ. 354ರ ನವೆಂಬರ್ 13ರಂದು, ಉತ್ತರ ಆಫ್ರಿಕಾದ ತಗಸ್ತೆ ಎಂಬ ಊರಿನಲ್ಲಿ. ಈಗ ಅದು ಅಲ್ಜೀರಿಯಾ ದೇಶದ ಸೂಕ್ ಅಹ್ರಾಸ್. ತಂದೆ ಪತ್ರೀಸಿಯ ಕ್ರೈಸ್ತರಾಗಿರಲಿಲ್ಲ, ಸಾಯುವ ಕಾಲಕ್ಕೆ ಜ್ಞಾನಸ್ನಾನ ಪಡೆದರು. ತಾಯಿ ಮೋನಿಕಮ್ಮ ಮಾತ್ರ ದೊಡ್ಡ ಭಕ್ತೆ. ಬಾಲಕನಿಗೆ ಒಮ್ಮೆ ಹೊಟ್ಟೆಯ ಕಾಯಿಲೆ ಬಂದು ಜ್ಞಾನಸ್ನಾನ ಕೊಡಿಸಲು ಓಡಾಡಿದರು. ಅಷ್ಟರಲ್ಲಿ ವಾಸಿಯಾಯ್ತು, ಆಮೇಲೆ ನೋಡೋಣ ಅಂತ ಮುಂದೂಡಿದರು. ಆ ಕಾಲದಲ್ಲಿ ಹಾಗೆ ಮುಂದೂಡುವುದು ವಾಡಿಕೆ.

ಹದಿನಾರನೇ ವಯಸ್ಸಿನ ಒಂದು ರಾತ್ರಿ ಅಗಸ್ಟೀನರು ಗೆಳೆಯರ ಜೊತೆ ಪಕ್ಕದ ತೋಟಕ್ಕೆ ನುಗ್ಗಿ ಮರಸೇಬು ಕದ್ದರು. ನಾವು ಪೇರ್ಸ್ ಅಂತೀವಲ್ಲ, ಆ ಹಣ್ಣು. ಹಸಿವೆ ಇರಲಿಲ್ಲ, ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣೇ ಇತ್ತು. ಒಂದೆರಡು ಕಚ್ಚಿ ಉಳಿದದ್ದನ್ನೆಲ್ಲ ಹಂದಿಗಳಿಗೆ ಎಸೆದರು. ನಮಗೆ ಇದು ಹುಡುಗಾಟ. ಆದರೆ ಎಷ್ಟೋ ವರ್ಷದ ಮೇಲೆ ತಮ್ಮ ತಪ್ಪೊಪ್ಪಿಗೆಯ ಗ್ರಂಥ ಬರೆಯುವಾಗ ಅವರು ಈ ಹಣ್ಣಿನ ಕಳ್ಳತನವನ್ನೇ ಹಿಡಿದು ಪುಟಗಟ್ಟಲೆ ಕೆದಕಿದರು. ಹೊಟ್ಟೆಪಾಡಿಗೆ ಕದಿಯುವವನನ್ನು ಅರ್ಥ ಮಾಡಿಕೊಳ್ಳಬಹುದು, ತಾನು ಕದ್ದದ್ದು ಯಾತಕ್ಕೆ? ಕೆಟ್ಟದ್ದು ಅಂತ ಗೊತ್ತಿದ್ದದ್ದೇ ಅದರ ರುಚಿಯಾಗಿತ್ತು, ಒಬ್ಬನೇ ಇದ್ದಿದ್ದರೆ ಕದಿಯುತ್ತಲೂ ಇರಲಿಲ್ಲ ಎಂಬುದು ಅವರು ಕಂಡುಕೊಂಡ ಉತ್ತರ.

ಹದಿನೇಳಕ್ಕೆ ಕಾರ್ಥೇಜ್ ಪಟ್ಟಣದಲ್ಲಿ ಓದು. ಅಲ್ಲೊಬ್ಬ ಹೆಣ್ಣುಮಗಳ ಜೊತೆ ಮದುವೆಯಿಲ್ಲದ ಸಂಸಾರ, ಅದೇವೊದಾತ ಎಂಬ ಮಗ. ಹತ್ತೊಂಬತ್ತಕ್ಕೆ ಸಿಸೆರೋ ಎಂಬ ರೋಮನ್ ಪಂಡಿತನ ಪುಸ್ತಕ ಓದಿ ಜ್ಞಾನದ ಹುಚ್ಚು ಹತ್ತಿತು. ಅದೇ ಹುಮ್ಮಸ್ಸಿನಲ್ಲಿ ಬೈಬಲ್ ತೆರೆದದ್ದು, ಮುಚ್ಚಿದ್ದು. ಸೇರಿಕೊಂಡದ್ದು ಮಾನಿಯ ಪಂಥಕ್ಕೆ. ಒಳ್ಳೆಯದು ಕೆಟ್ಟದ್ದು ಎರಡು ಬೇರೆ ಶಕ್ತಿಗಳು, ನಮ್ಮೊಳಗೆ ಅವೆರಡೂ ಕಾದಾಡುತ್ತವೆ ಎನ್ನುವ ಮತ ಅದು. ಅಂದರೆ ಪಾಪ ಮಾಡುವುದು ನಾನಲ್ಲ, ನನ್ನೊಳಗಿರುವ ಇನ್ಯಾವುದೋ! ಎಷ್ಟು ಅನುಕೂಲ ನೋಡಿ. ಒಂಬತ್ತು ವರ್ಷ ಅಲ್ಲೇ ಕಳೆದರು.

383ರಲ್ಲಿ ರೋಮ್‌ಗೆ ಹೊರಟಾಗ ಜೊತೆಗೆ ಬರುತ್ತೇನೆಂದು ಪಟ್ಟು ಹಿಡಿದ ತಾಯಿಗೆ ಸುಳ್ಳು ಹೇಳಿದರು. ಆಕೆ ಬಂದರಿನ ಹತ್ತಿರದ ಗುಡಿಯಲ್ಲಿ ರಾತ್ರಿಯೆಲ್ಲ ಪ್ರಾರ್ಥಿಸುತ್ತಿದ್ದಾಗ ಮಗನ ಹಡಗು ಹೊರಟೇ ಹೋಯಿತು. ಮರುವರ್ಷ ಮಿಲಾನ್ ನಗರದಲ್ಲಿ ವಾಕ್ಚಾತುರ್ಯ ಕಲಿಸುವ ದೊಡ್ಡ ಹುದ್ದೆ. ಅಲ್ಲಿನ ಧರ್ಮಾಧ್ಯಕ್ಷರು ಸಂತ ಅಂಬ್ರೋಸರು. ಅವರ ಮಾತಿನ ಶೈಲಿ ಕೇಳಲು ಹೋದವರಿಗೆ ಮಾತಿನ ಒಳಗಿನ ಅರ್ಥವೂ ಇಳಿಯತೊಡಗಿತು. ಅಷ್ಟರಲ್ಲಿ ಹಿಂದೆಯೇ ಬಂದು ಸೇರಿದ್ದ ಮೋನಿಕಮ್ಮ ಒಳ್ಳೆಯ ಮನೆತನದ ಹೆಣ್ಣು ನೋಡಿದರು. ಮಗನ ತಾಯಿಯನ್ನು ಆಫ್ರಿಕಾಕ್ಕೆ ವಾಪಸು ಕಳಿಸಿದರು. ಆಕೆ ಇನ್ನೊಬ್ಬ ಗಂಡಸನ್ನು ಸೇರುವುದಿಲ್ಲ ಅಂತ ಹರಕೆ ಹೊತ್ತು ಹೋದಳು. ಅವಳ ಹೆಸರನ್ನು ಅಗಸ್ಟೀನರು ಎಲ್ಲಿಯೂ ಬರೆದಿಲ್ಲ. ಇಷ್ಟೆಲ್ಲ ಒಪ್ಪಿಕೊಂಡವರು ಅದೊಂದನ್ನು ಬರೆಯಬಹುದಿತ್ತು ಅಂತ ನಮಗೆ ಅನ್ನಿಸದೆ ಇರದು.

386ರ ಬೇಸಿಗೆ. ಬುದ್ಧಿ ಒಪ್ಪಿತ್ತು, ಮನಸ್ಸು ಏಳುತ್ತಿರಲಿಲ್ಲ. ತೋಟದಲ್ಲಿ ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿದ್ದಾಗ, ಎತ್ತಿಕೊಂಡು ಓದು ಎಂದು ಮಗುವೊಂದು ರಾಗವಾಗಿ ಹೇಳುವುದು ಪಕ್ಕದ ಮನೆಯಿಂದ ಕೇಳಿಸಿತು. ಸಂತ ಪೌಲರ ಪತ್ರಗಳನ್ನು ತೆರೆದರೆ ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯ. ಕುಡಿತ, ಕಾಮ, ಜಗಳ ಬಿಟ್ಟು ಕ್ರಿಸ್ತನನ್ನೇ ಉಡುಪಾಗಿ ಧರಿಸಬೇಕೆಂಬ ಮಾತು. ಮುಂದೆ ಓದುವ ಅಗತ್ಯ ಬೀಳಲಿಲ್ಲ. 387ರ ಈಸ್ಟರ್ ಜಾಗರಣೆಯಂದು ಅಂಬ್ರೋಸರ ಕೈಯಿಂದ ಜ್ಞಾನಸ್ನಾನ ಆಯಿತು, ಜೊತೆಗೆ ಮಗನಿಗೂ. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯಾ ಬಂದರಿನಲ್ಲಿ ಮೋನಿಕಮ್ಮ ತೀರಿಕೊಂಡರು. ಮಗ ಅದೇವೊದಾತನೂ ಎಳೆ ಹರೆಯದಲ್ಲೇ ಹೋದ.

391ರಲ್ಲಿ ಹಿಪ್ಪೋ ಪಟ್ಟಣಕ್ಕೆ ಹೋಗಿದ್ದಾಗ ಅಲ್ಲಿನ ಜನ ಹಿಡಿದು ನಿಲ್ಲಿಸಿ ಗುರುಗಳಾಗಿ ಮಾಡಿಬಿಟ್ಟರು. ಅಗಸ್ಟೀನರು ಎಲ್ಲರೆದುರು ಅತ್ತರು. ದೊಡ್ಡ ಹುದ್ದೆ ಸಿಗಲಿಲ್ಲವಲ್ಲ ಅಂತ ಅಳುತ್ತಿದ್ದಾರೆ ಎಂದು ಕೆಲವರು ಸಮಾಧಾನ ಹೇಳಿದರಂತೆ! ಕಾರಣ ಬೇರೆ. ಸ್ವಲ್ಪ ದಿನದಲ್ಲೇ ಅವರು ಧರ್ಮಾಧ್ಯಕ್ಷ ವಲೇರಿಯರಿಗೆ ಪತ್ರ ಬರೆದು ಈಸ್ಟರ್ ತನಕ ರಜೆ ಬೇಡಿದರು, ಪವಿತ್ರ ಗ್ರಂಥ ಓದುವುದಕ್ಕೆ. ತನ್ನ ರಕ್ಷಣೆಗೆ ಬೇಕಾದಷ್ಟು ತಿಳಿದಿದೆ, ಬೇರೆಯವರಿಗೆ ಬಡಿಸುವಷ್ಟು ತಿಳಿದಿಲ್ಲ ಎಂಬುದು ಪತ್ರದ ಸಾರ. ರಾಜಸಭೆಯಲ್ಲಿ ಭಾಷಣ ಮಾಡಿದ ಪಂಡಿತರು ಬೇಡಿದ್ದು ಓದುವ ಬಿಡುವು.

ಓದಿದ್ದು ಬಹುಪಾಲು ಪೌಲರನ್ನು. ದೇವರು ಕೃಪೆ ಕೊಡುತ್ತಾನೆ ನಿಜ, ಆದರೆ ನಂಬುವ ಮೊದಲ ಹೆಜ್ಜೆ ನಮ್ಮದು ಎಂದು ಮೊದಲಿಗೆ ಬರೆದರು. ಧರ್ಮಾಧ್ಯಕ್ಷರಾದ ಹೊಸತರಲ್ಲಿ, 396ರ ಸುಮಾರಿಗೆ, ಮಿಲಾನಿನ ಹಿರಿಯ ಗುರು ಸಿಂಪ್ಲೀಸಿಯರು ಅದೇ ಪತ್ರದ ಬಗ್ಗೆ ಪ್ರಶ್ನೆ ಕಳಿಸಿದರು. ಉತ್ತರಕ್ಕೆ ಕೂತಾಗ ಪೌಲರದೇ ಇನ್ನೊಂದು ಮಾತು ಅಡ್ಡ ಬಂತು: ನಿನ್ನಲ್ಲಿರುವುದರಲ್ಲಿ ಬೇರೆಯವರಿಂದ ಪಡೆಯದೆ ಇರುವುದು ಯಾವುದು ಎಂಬರ್ಥದ್ದು. ಹಾಗಾದರೆ ವಿಶ್ವಾಸವೂ ಪಡೆದದ್ದೇ! ತನ್ನ ಹಳೆಯ ಅಭಿಪ್ರಾಯವನ್ನು ತಾವೇ ಕಿತ್ತು ಹಾಕಿದರು. ಮನುಷ್ಯನ ಸ್ವತಂತ್ರ ಇಚ್ಛೆಯ ಪರವಾಗಿ ಹೆಣಗಿದೆ, ಗೆದ್ದದ್ದು ದೇವಕೃಪೆ ಎಂದು ಮುಪ್ಪಿನಲ್ಲಿ ಒಪ್ಪಿಕೊಂಡರು. 412ರಲ್ಲಿ ಬರೆದ ಒಂದು ಪುಸ್ತಕದಲ್ಲಿ ದೇವರ ನೀತಿ ಎಂದರೆ ದೇವರು ತಾನು ನೀತಿವಂತನಾಗಿ ಕೂತಿರುವುದಲ್ಲ, ಪಾಪಿಗೆ ತೊಡಿಸಿ ಅವನನ್ನು ನೀತಿವಂತನನ್ನಾಗಿ ಮಾಡುವ ನೀತಿ ಎಂದು ಬಿಡಿಸಿ ಹೇಳಿದರು. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಹುದು ಎನ್ನುತ್ತಿದ್ದ ಪೆಲಾಜಿಯನ ಜೊತೆ ಇದೇ ವಿಚಾರಕ್ಕೆ ವರ್ಷಗಟ್ಟಲೆ ವಾದ ನಡೆಯಿತು. 418ರ ಕಾರ್ಥೇಜ್ ಸಭೆ ಪೆಲಾಜಿಯನ ಬೋಧನೆಯನ್ನು ಖಂಡಿಸಿತು.

ಹಾಗಂತ ಅವರು ಹೇಳಿದ್ದೆಲ್ಲ ಸರಿ ಅನ್ನುವಂತಿಲ್ಲ. ಶಾಲೆಯಲ್ಲಿ ಗ್ರೀಕ್ ಪಾಠವೆಂದರೆ ಅವರಿಗೆ ಆಗುತ್ತಿರಲಿಲ್ಲ, ಓದಿದ್ದು ಲ್ಯಾಟಿನ್ ಅನುವಾದ. ರೋಮನರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಎಲ್ಲರೂ ಪಾಪ ಮಾಡಿದ್ದರಿಂದ ಎಂಬ ಅರ್ಥ ಕೊಡುವ ಗ್ರೀಕ್ ಮಾತು ಲ್ಯಾಟಿನ್‌ನಲ್ಲಿ ಆದಾಮನೊಳಗೆ ಎಲ್ಲರೂ ಪಾಪ ಮಾಡಿದರು ಎಂಬಂತೆ ಓದಿಸಿಕೊಂಡಿತು. ಜ್ಞಾನಸ್ನಾನವಿಲ್ಲದೆ ಸತ್ತ ಹಸುಗೂಸಿಗೂ ಶಿಕ್ಷೆ ಉಂಟು, ಹಗುರವಾದದ್ದು ಅಷ್ಟೇ ಎಂದುಬಿಟ್ಟರು. ಕೂಸನ್ನು ಕಳೆದುಕೊಂಡ ತಾಯಂದಿರಿಗೆ ಇದು ಎಂಥ ಮಾತು! ಇಂಥ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎನ್ನುವುದು ಇಂದಿನ ಕಥೋಲಿಕ ಧರ್ಮಸಭೆಯ ಬೋಧನೆ.

430ರಲ್ಲಿ ವ್ಯಾಂಡಲರ ಸೈನ್ಯ ಹಿಪ್ಪೋ ಪಟ್ಟಣವನ್ನು ಮುತ್ತಿಗೆ ಹಾಕಿತು. ಮುತ್ತಿಗೆಯ ಮೂರನೇ ತಿಂಗಳಲ್ಲಿ ಅಗಸ್ಟೀನರಿಗೆ ಜ್ವರ ಹತ್ತಿತು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಹಾಳೆಗಳಲ್ಲಿ ಬರೆಸಿ, ಹಾಸಿಗೆಯಿಂದ ಕಾಣುವಂತೆ ಗೋಡೆಗೆ ಹಾಕಿಸಿದರು. ಮಲಗಿದಲ್ಲೇ ಓದುವುದು, ಅಳುವುದು. ಕೊನೆಯ ಹತ್ತು ದಿನ ವೈದ್ಯರು ಬರುವಾಗ, ಊಟ ತರುವಾಗ ಬಿಟ್ಟರೆ ಇನ್ಯಾರೂ ಒಳಗೆ ಬರಬಾರದು ಅಂತ ಹೇಳಿದ್ದರು. ಆಗಸ್ಟ್ 28ರಂದು ತೀರಿಕೊಂಡರು. ಉಯಿಲು ಬರೆದಿರಲಿಲ್ಲ, ಬಿಟ್ಟುಹೋಗಲು ಆಸ್ತಿಯೇ ಇರಲಿಲ್ಲ. ಪುಸ್ತಕಗಳನ್ನು ಮಾತ್ರ ಜೋಪಾನ ಮಾಡಿ ಅಂದಿದ್ದರು. ಇಟಲಿಯ ಪವಿಯಾ ಪಟ್ಟಣದ ಸಂತ ಪೇತ್ರರ ದೇವಾಲಯದಲ್ಲಿ ಅವರ ಅವಶೇಷಗಳಿವೆ. ಹಬ್ಬ ಆಗಸ್ಟ್ 28ಕ್ಕೆ. ಅದರ ಹಿಂದಿನ ದಿನ, 27ಕ್ಕೆ, ಮೋನಿಕಮ್ಮನವರ ಹಬ್ಬ.